ಭಿತ್ತಿಚಿತ್ರದ ಹಿಂದಿನ ಕಾಗದ

ಕಾರ್ಟೂನು ಎಂದೊಡನೆ ನಮಗೆ ನೆನಪಾಗುವುದು ದಿನಪತ್ರಿಕೆಯ ಮೂಲೆಯಲ್ಲಿ ಕುಳಿತು ದೊಡ್ಡವರ ಕಾಲೆಳೆಯುವ ವ್ಯಂಗ್ಯಚಿತ್ರ. ‘ಕೊರವಂಜಿ’ಯ ಪುಟಗಳನ್ನು ಕಂಡವರಿಗೆ, ಮೈಸೂರಿನ ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನು ಬೆಳಗಿನ ಕಾಫಿಯೊಡನೆ ಭೇಟಿಯಾಗುತ್ತಿದ್ದವರಿಗೆ, ಈ ಮಾತಿಗೆ ಬೇರೊಂದು ಅರ್ಥವಿದ್ದೀತೆಂಬ ಸಂದೇಹವೇ ಬಾರದು. ಆದರೆ ಈ ಮಾತು ಹುಟ್ಟಿದ್ದು ನಗೆಗಾಗಿ ಅಲ್ಲ. ಇಟಲಿಯ ಭಾಷೆಯಲ್ಲಿ ‘ಕಾರ್ತಾ’ ಎಂದರೆ ಕಾಗದ, ‘ಕಾರ್ತೋನೆ’ ಎಂದರೆ ದೊಡ್ಡ ಕಾಗದ. ಗೋಡೆಯ ಮೇಲೆ ಬರೆಯಬೇಕಾದ ಚಿತ್ರವನ್ನು ಅದೇ ಅಳತೆಯಲ್ಲಿ, ಮೊದಲು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದ ಪೂರ್ಣಪ್ರಮಾಣದ ರೇಖಾಚಿತ್ರಕ್ಕೆ ಅಲ್ಲಿನ ಚಿತ್ರಕಾರರು ಇಟ್ಟಿದ್ದ ಹೆಸರು ಅದು.

ಆ ಗಂಭೀರವಾದ ಹೆಸರು ನಗೆಯ ಪಾಲಾದದ್ದು 1843ರಲ್ಲಿ, ಲಂಡನ್ನಿನಲ್ಲಿ. 1834ರ ಬೆಂಕಿಯಲ್ಲಿ ಅಲ್ಲಿನ ಹಳೆಯ ಪಾರ್ಲಿಮೆಂಟ್ ಭವನ ಸುಟ್ಟುಹೋಗಿ, ಹೊಸದು ಮೇಲೇಳುತ್ತಿತ್ತು. ಅದರ ಗೋಡೆಗಳಿಗೆ ಇಟಲಿಯ ಮಾದರಿಯ ಭಿತ್ತಿಚಿತ್ರಗಳು ಬೇಕೆಂದು ಒಂದು ಸ್ಪರ್ಧೆ ಏರ್ಪಟ್ಟಿತು. ಕಲಾವಿದರು ಕಳುಹಿಸಿದ ಸುಮಾರು 140 ಕಾರ್ಟೂನುಗಳನ್ನು ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ಪ್ರದರ್ಶನಕ್ಕಿಟ್ಟರು. ಹಸಿದವರ ಮುಂದೆ ಚಿತ್ರಗಳನ್ನು ತೂಗುಹಾಕುವ ಈ ಔದಾರ್ಯ ‘ಪಂಚ್’ ಎಂಬ ಹಾಸ್ಯಪತ್ರಿಕೆಗೆ ಸಹ್ಯವಾಗಲಿಲ್ಲ. ಚಿಂದಿಯುಟ್ಟ ಜನ ಸಿರಿವಂತರ ಪಟಗಳನ್ನು ನೋಡುತ್ತ ನಿಂತಿರುವಂತೆ ಜಾನ್ ಲೀಚ್ ಬರೆದ ಚಿತ್ರವೊಂದನ್ನು ಅದು ಅಚ್ಚುಮಾಡಿ, ‘ಕಾರ್ಟೂನು: ಒಂದನೆಯದು’ ಎಂದು ಹೆಸರಿಟ್ಟಿತು. ಅಣಕಕ್ಕೆಂದು ಎರವಲು ತಂದ ಹೆಸರು ಅಣಕದ ಚಿತ್ರಕ್ಕೇ ಅಂಟಿಕೊಂಡಿತು. ಇಂಗ್ಲಿಷ್ ಪತ್ರಿಕೆಗಳ ಜತೆಯಲ್ಲಿ ಹಡಗು ಹತ್ತಿ ನಮ್ಮಲ್ಲಿಗೂ ಬಂದಿತು. ಮೂಲದ ಅರ್ಥ ಮಾತ್ರ ಕಲೆಯ ಇತಿಹಾಸವನ್ನು ಬಲ್ಲ ಕೆಲವರ ಸೊತ್ತಾಗಿ ಹಿಂದುಳಿಯಿತು. ಈ ಹೊತ್ತು ನಾನು ಹೇಳಹೊರಟಿರುವುದು ಹಾಗೆ ಹಿಂದುಳಿದುಹೋದ ಆ ದೊಡ್ಡ ಕಾಗದಗಳ ಕಥೆಯನ್ನು.

ಅವು ಏಕೆ ಬೇಕಾದವು ಎಂಬುದನ್ನು ತಿಳಿಯಬೇಕಾದರೆ ಗೋಡೆಯಿಂದಲೇ ಆರಂಭಿಸಬೇಕು. ‘ಫ್ರೆಸ್ಕೊ’ ಎಂದರೆ ತಾಜಾ, ಹಸಿ ಎಂದು ಅರ್ಥ. ಸುಣ್ಣ ಮತ್ತು ಮರಳನ್ನು ಕಲಸಿದ ಗಾರೆಯನ್ನು ಗೋಡೆಗೆ ಬಳಿದು, ಅದು ಹಸಿಯಾಗಿರುವಾಗಲೇ, ಬರಿಯ ನೀರಿನಲ್ಲಿ ಕದಡಿದ ಬಣ್ಣವನ್ನು ಅದರ ಮೇಲೆ ಹಚ್ಚಬೇಕು. ಅಂಟು ಬೇಕಿಲ್ಲ, ಎಣ್ಣೆ ಬೇಕಿಲ್ಲ. ಆರುವ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲಾಗುತ್ತದೆ. ಬಣ್ಣದ ಕಣಗಳು ಆ ಕಲ್ಲಿನೊಳಗೆ ಸೆರೆಯಾಗುತ್ತವೆ. ಚಿತ್ರ ಗೋಡೆಯ ಮೇಲಿರುವುದಿಲ್ಲ, ಗೋಡೆಯೇ ಆಗಿಬಿಡುತ್ತದೆ. ಐದಾರು ನೂರು ವರ್ಷಗಳ ಹಿಂದಿನ ಚಿತ್ರಗಳು ಇಂದಿಗೂ ನಿಂತಿರುವುದು ಇದರಿಂದಲೇ. ಆದರೆ ಈ ಬಾಳಿಕೆಗೆ ತೆರಬೇಕಾದ ಬೆಲೆ ಉಂಟು. ಗಾರೆ ಹಸಿಯಾಗಿರುವುದು ಕೆಲವೇ ಗಂಟೆಗಳ ಕಾಲ. ಆದ್ದರಿಂದ ಅಂದು ಎಷ್ಟು ಬರೆಯಬಲ್ಲನೋ ಅಷ್ಟು ಜಾಗಕ್ಕೆ ಮಾತ್ರ ಚಿತ್ರಕಾರ ಮೇಲ್ಗಾರೆ ಹಚ್ಚಿಸುತ್ತಿದ್ದ. ಆ ಒಂದು ದಿನದ ತುಂಡಿಗೆ ‘ಜೊರ್ನಾತಾ’, ಅಂದರೆ ದಿನದ ಪಾಲು, ಎಂದು ಹೆಸರು. ಒಂದು ದಿನ ಒಂದು ಮುಖ, ಮರುದಿನ ಒಂದು ಹೆಗಲು, ಅದರ ಮರುದಿನ ಒಂದು ತುಂಡು ಆಕಾಶ, ಹೀಗೆ ಚಿತ್ರ ಬೆಳೆಯಬೇಕು. ತಪ್ಪಿದರೆ ತಿದ್ದುವಂತಿಲ್ಲ, ಗಾರೆಯನ್ನು ಕೆತ್ತಿ ತೆಗೆದು ಹೊಸದಾಗಿ ಆರಂಭಿಸಬೇಕು. ಸಾರುವೆಯ ಮೇಲೆ ಗೋಡೆಗೆ ಮುಖ ತಾಗುವಷ್ಟು ಹತ್ತಿರ ನಿಂತವನು ಈ ತುಂಡುಗಳೆಲ್ಲ ಕೂಡಿ ಒಂದು ಚಿತ್ರವಾದಾವೆಂದು ನಂಬುವುದು ಹೇಗೆ?

ಹಳೆಯ ಉತ್ತರ ಗೋಡೆಯಲ್ಲಿಯೇ ಇತ್ತು. 1400ರ ಸುಮಾರಿಗೆ ಚೆನ್ನಿನೊ ಚೆನ್ನಿನಿ ಎಂಬ ಚಿತ್ರಕಾರ ತನ್ನ ಕಸುಬಿನ ಗುಟ್ಟುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟ. ಅದರಲ್ಲಿ ಕ್ರಮ ಸ್ಪಷ್ಟವಾಗಿದೆ. ಮೊದಲು ಒರಟು ಗಾರೆ. ಅದು ಒಣಗಿದ ಮೇಲೆ ಇದ್ದಿಲಿನಿಂದ ಇಡೀ ಚಿತ್ರದ ವಿನ್ಯಾಸ. ಆಮೇಲೆ ಕುಂಚದಿಂದ ಕೆಮ್ಮಣ್ಣಿನ ಗೆರೆಗಳಲ್ಲಿ ಅದನ್ನು ಗಟ್ಟಿಮಾಡುವುದು. ಕಪ್ಪು ಸಮುದ್ರದ ದಡದ ಸಿನೋಪ್ ಊರಿನಿಂದ ಬರುತ್ತಿದ್ದ ಕೆಮ್ಮಣ್ಣಾದ್ದರಿಂದ ಆ ಚಿತ್ರಕ್ಕೂ ‘ಸಿನೋಪಿಯ’ ಎಂದೇ ಹೆಸರಾಯಿತು. ಅದರ ಮೇಲೆ ದಿನದಿನವೂ ನುಣ್ಣನೆಯ ಗಾರೆ ಹಚ್ಚಿ ಬಣ್ಣ ಬರೆಯುತ್ತ ಹೋಗಬೇಕು. ಇದರಲ್ಲಿ ಒಂದು ದೊಡ್ಡ ತೊಡಕಿದೆ. ಅಂದಂದಿನ ಗಾರೆ ಅಂದಂದಿನ ರೇಖೆಯನ್ನು ಮುಚ್ಚಿಬಿಡುತ್ತದೆ. ಯಾವ ಭಾಗ ಬೇಕೋ ಅದೇ ಭಾಗ ಕಣ್ಮರೆ. ಅಕ್ಕಪಕ್ಕದಲ್ಲಿ ಇನ್ನೂ ಕಾಣುತ್ತಿರುವ ಗೆರೆಗಳಿಂದ, ನೆನಪಿನಿಂದ, ಕೈಯ ಅಭ್ಯಾಸದಿಂದ ಅದನ್ನು ಮತ್ತೆ ಬರೆಯಬೇಕು.

ಹೀಗೆ ಮುಚ್ಚಿಹೋದ ಸಿನೋಪಿಯಗಳನ್ನು ಯಾರೂ ನೋಡಲಾರರೆಂದೇ ಬರೆದವರ ಎಣಿಕೆ. ಅವು ನಮ್ಮ ಕಣ್ಣಿಗೆ ಬಿದ್ದದ್ದು ದುರಂತಗಳ ಮೂಲಕ. 1944ರ ಜುಲೈ 27ರಂದು, ಎರಡನೆಯ ಮಹಾಯುದ್ಧದಲ್ಲಿ, ಪೀಸಾ ನಗರದ ಕಾಂಪೊಸಾಂತೊ ಎಂಬ ಪ್ರಾಚೀನ ಸ್ಮಶಾನಪ್ರಾಕಾರಕ್ಕೆ ಶೆಲ್ಲು ಬಿದ್ದು ಬೆಂಕಿ ಹತ್ತಿಕೊಂಡಿತು. ಮಾಡಿಗೆ ಹೊದಿಸಿದ್ದ ಸೀಸ ಕರಗಿ ಭಿತ್ತಿಚಿತ್ರಗಳ ಮೇಲೆ ಹರಿಯಿತು. ಉಳಿದಷ್ಟನ್ನು ಉಳಿಸಿಕೊಳ್ಳಲು ಬಣ್ಣದ ಪದರವನ್ನು ಗೋಡೆಯಿಂದ ಬಿಡಿಸಿದಾಗ, ಅದರಡಿಯಲ್ಲಿ ಆರು ನೂರು ವರ್ಷ ಅಡಗಿದ್ದ ಕೆಂಪು ಗೆರೆಗಳು ಮೇಲೆದ್ದವು. ಎಷ್ಟು ಧೀರವಾದ, ಎಷ್ಟು ಅವಸರದ, ಎಷ್ಟು ಸ್ವಚ್ಛಂದವಾದ ಗೆರೆಗಳು! ಈಗ ಅವುಗಳಿಗಾಗಿ ಪೀಸಾದಲ್ಲಿ ಒಂದು ವಸ್ತುಸಂಗ್ರಹಾಲಯವೇ ಇದೆ. 1979ರಲ್ಲಿ ಅದು ತೆರೆಯಿತು. ಫ್ಲಾರೆನ್ಸಿನಲ್ಲಿಯೂ 1966ರ ನವೆಂಬರ್ 4ರ ಪ್ರವಾಹದ ಅನಂತರ ಇಂಥ ಶೋಧಗಳು ಹಲವು ನಡೆದವು. ಚಿತ್ರ ಕೆಟ್ಟಾಗ ಮಾತ್ರ ಅದರ ಮೊದಲ ಯೋಚನೆ ಬೆಳಕಿಗೆ ಬರುವುದೆಂಬುದು ಎಂಥ ವಿಚಿತ್ರ!

ಹದಿನೈದನೆಯ ಶತಮಾನದ ನಡುವಿನಿಂದೀಚೆಗೆ ಈ ಪದ್ಧತಿ ಹಿಂದೆ ಸರಿಯುತ್ತ ಬಂದಿತು. ವಿನ್ಯಾಸ ಗೋಡೆಯನ್ನು ಬಿಟ್ಟು ಕಾಗದಕ್ಕೆ ಇಳಿಯಿತು. ಇಟಲಿಯ ಫಾಬ್ರಿಯಾನೊ ಊರಿನಲ್ಲಿ ಹದಿಮೂರನೆಯ ಶತಮಾನದಿಂದಲೂ ಒಳ್ಳೆಯ ಕಾಗದ ತಯಾರಾಗುತ್ತಿತ್ತು. ಈಗ ಅದು ಹೇರಳವಾಗಿ ಸಿಗತೊಡಗಿತ್ತು. ಆದರೆ ಗೋಡೆಯಷ್ಟು ದೊಡ್ಡ ಕಾಗದ ಎಲ್ಲಿಯೂ ತಯಾರಾಗುವುದಿಲ್ಲವಷ್ಟೆ. ಆದ್ದರಿಂದ ಹಾಳೆಗೆ ಹಾಳೆ ಅಂಟಿಸಬೇಕು. ಆ ಕೆಲಸವನ್ನು ವಸಾರಿ ವಿವರವಾಗಿ ಹೇಳಿದ್ದಾನೆ. ಕಲಾವಿದರ ಚರಿತ್ರೆಗಳನ್ನು ಬರೆದು 1550ರಲ್ಲಿ ಮೊದಲ ಬಾರಿಗೂ 1568ರಲ್ಲಿ ವಿಸ್ತರಿಸಿ ಎರಡನೆಯ ಬಾರಿಗೂ ಅಚ್ಚುಮಾಡಿಸಿದ ಈತ ಸ್ವತಃ ಚಿತ್ರಕಾರ. ಹಿಟ್ಟನ್ನು ನೀರಿನಲ್ಲಿ ಬೇಯಿಸಿದ ಸರಿಯಿಂದ ಹಾಳೆಗಳನ್ನು ಕೂಡಿಸುವುದು. ಅಂಚುಗಳನ್ನು ಮಾತ್ರ ಗೋಡೆಗೆ ಅಂಟಿಸುವುದು. ಸುಕ್ಕು ಬಿಡಲೆಂದು ಮೇಲೆ ನೀರು ಚಿಮುಕಿಸಿ ಆರಲು ಬಿಡುವುದು. ಉದ್ದನೆಯ ಕೋಲಿನ ತುದಿಗೆ ಇದ್ದಿಲು ಕಟ್ಟಿಕೊಂಡು, ದೂರದಲ್ಲಿ ನಿಂತು, ಕೈಯಲ್ಲಿರುವ ಚಿಕ್ಕ ಚಿತ್ರವನ್ನು ಆ ವಿಸ್ತಾರದಲ್ಲಿ ಹಿಗ್ಗಿಸಿ ಬರೆಯುವುದು. ಚಿಕ್ಕ ಚಿತ್ರದ ಮೇಲೆ ಚೌಕುಳಿಗಳನ್ನೆಳೆದು, ದೊಡ್ಡ ಕಾಗದದ ಮೇಲೂ ಅಷ್ಟೇ ಸಂಖ್ಯೆಯ ದೊಡ್ಡ ಚೌಕುಳಿಗಳನ್ನೆಳೆದು, ಮನೆಮನೆಯಾಗಿ ತುಂಬಿಕೊಳ್ಳುತ್ತ ಬರುವ ಉಪಾಯ ಚಿತ್ರ ಕಲಿಯುವ ನಮ್ಮ ಶಾಲೆಯ ಹುಡುಗರಿಗೂ ಗೊತ್ತು.

ಇನ್ನು ಕಾಗದದ ಚಿತ್ರ ಗೋಡೆಗೆ ಹೋಗುವ ಬಗೆ. ಅದಕ್ಕೆ ಎರಡು ದಾರಿಗಳಿದ್ದವು. ಒಂದನ್ನು ನಮ್ಮ ಹೆಣ್ಣುಮಕ್ಕಳು ಹೇಳದೆಯೇ ಅರ್ಥಮಾಡಿಕೊಂಡಾರು. ಜಾತ್ರೆಯಲ್ಲಿ ಮಾರುವ ತೂತು ಕೊರೆದ ತಗಡಿನ ಅಚ್ಚನ್ನು ನೆಲದ ಮೇಲಿಟ್ಟು ರಂಗೋಲಿ ಪುಡಿ ಸವರಿದರೆ ಚುಕ್ಕೆಗಳಲ್ಲಿ ಹೂವು ಮೂಡುವುದಿಲ್ಲವೆ? ಹಾಗೆಯೇ ಕಾಗದದ ಮೇಲಿನ ಗೆರೆಗಳ ಉದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ, ಹಸಿಗಾರೆಯ ಮೇಲೆ ಇಟ್ಟು, ತೆಳುಬಟ್ಟೆಯ ಗಂಟಿನಲ್ಲಿ ಕಟ್ಟಿದ ಇದ್ದಿಲ ಪುಡಿಯಿಂದ ಮೆಲ್ಲಗೆ ಬಡಿಯುವುದು. ಇದು ‘ಸ್ಪೋಲ್ವೆರೊ’, ಧೂಳೆರಚುವುದು. ಇನ್ನೊಂದು ದಾರಿ ಇನ್ನೂ ಶೀಘ್ರ: ಕಾಗದವನ್ನು ಹಸಿಗಾರೆಯ ಮೇಲೆ ಹಿಡಿದು, ಮೊಂಡು ಮೊನೆಯ ಲೋಹದ ಕಡ್ಡಿಯಿಂದ ಗೆರೆಗಳ ಮೇಲೆ ಒತ್ತಿ ಎಳೆಯುವುದು, ಗಾರೆಯ ಮೇಲೆ ಸಣ್ಣ ತಗ್ಗಿನ ಗೆರೆ ಉಳಿಯುತ್ತದೆ. ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಅರೆತ್ಸೊ ನಗರದ ಸಂತ ಫ್ರಾನ್ಸಿಸನ ಚರ್ಚಿನಲ್ಲಿ ಬರೆದ ಚಿತ್ರಗಳಲ್ಲಿ ಧೂಳಿನ ಚುಕ್ಕೆಗಳನ್ನು ಇಂದಿಗೂ ಗುರುತಿಸಬಹುದು. ಮೊಂತೆರ್ಕಿಯಲ್ಲಿರುವ ಅವನ ಬಸಿರಿ ಮೇರಿಯ ಚಿತ್ರದಲ್ಲಿ ಎಡಬಲಕ್ಕೆ ನಿಂತು ತೆರೆ ಸರಿಸುತ್ತಿರುವ ಇಬ್ಬರು ದೇವದೂತರು ಒಂದೇ ಕಾಗದದ ಮಕ್ಕಳು: ಒಬ್ಬನನ್ನು ಬರೆದ ಮೇಲೆ ಕಾಗದವನ್ನು ಮಗುಚಿ ಹಾಕಿ ಇನ್ನೊಬ್ಬನನ್ನು ಬರೆದಿದ್ದಾನೆ. ಸಿಸ್ಟೈನ್ ಪ್ರಾರ್ಥನಾಮಂದಿರದ ಮಾಳಿಗೆಯನ್ನು 1508ರಿಂದ 1512ರವರೆಗೆ ಬರೆದ ಮೈಕೆಲೇಂಜೆಲೊ ಮೊದಮೊದಲು ಹೆಚ್ಚಾಗಿ ಚುಚ್ಚಿದ ಕಾಗದವನ್ನು ಬಳಸಿ, ಕೈ ಕುದುರಿದ ಮೇಲೆ ಹೆಚ್ಚಾಗಿ ಗೆರೆಯೊತ್ತುವ ದಾರಿಯನ್ನು ಹಿಡಿದನೆಂಬುದು 1980ರ ದಶಕದ ಜೀರ್ಣೋದ್ಧಾರದ ಕಾಲದಲ್ಲಿ ಗೋಡೆಯನ್ನು ಹತ್ತಿರದಿಂದ ಪರೀಕ್ಷಿಸಿದವರಿಗೆ ಸ್ಪಷ್ಟವಾಯಿತು.

ಇದು ಬರಿಯ ಕಸುಬಿನ ಅನುಕೂಲವೆಂದು ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಸಿನೋಪಿಯದ ಕಾಲದಲ್ಲಿ ಚಿತ್ರಕಾರನ ಆಲೋಚನೆ ಗೋಡೆಯ ಮುಂದೆ, ಗಾರೆಯವನ ಕಣ್ಣೆದುರಿಗೇ, ನಡೆಯುತ್ತಿತ್ತು. ಕಾರ್ಟೂನು ಬಂದ ಮೇಲೆ ಆಲೋಚನೆಗೆ ತನ್ನದೇ ಆದ ಒಂದು ಕೋಣೆ ದೊರೆಯಿತು. ಅಲ್ಲಿ ಅವಸರವಿಲ್ಲ, ಸುಣ್ಣದ ಹಂಗಿಲ್ಲ. ತಿಂಗಳುಗಟ್ಟಲೆ ಬರೆಯಬಹುದು, ಅಳಿಸಬಹುದು. ಬರೆಸುವ ಧಣಿ ಬಂದು ನೋಡಿ ಒಪ್ಪಬಹುದು. ಮನಸ್ಸಿನ ಕೆಲಸ ಮುಗಿದಮೇಲೆ ಕೈಯ ಕೆಲಸವನ್ನು ಶಿಷ್ಯರೂ ಮಾಡಬಹುದು. ಚಿತ್ರಕಾರ ಕೂಲಿಯ ಕುಶಲಿಯಲ್ಲ, ಕವಿಯಂತೆ ಕಲ್ಪಿಸುವವನು ಎಂಬ ಆ ಯುಗದ ಹೊಸ ಅಭಿಮಾನಕ್ಕೆ ಈ ಕಾಗದವೂ ಒಂದು ಆಧಾರವಾಯಿತು. 1580ರ ದಶಕದಲ್ಲಿ ಚಿತ್ರಕಲೆಯ ಬಗ್ಗೆ ಗ್ರಂಥ ಬರೆದ ಆರ್ಮೆನಿನಿ, ಚೆನ್ನಾಗಿ ಮುಗಿಸಿದ ಕಾರ್ಟೂನು ಎಂದರೆ ಬಣ್ಣವೊಂದು ಬಿಟ್ಟು ಮಿಕ್ಕೆಲ್ಲದರಲ್ಲಿಯೂ ಆ ಕೃತಿಯೇ ಎಂಬ ಅಭಿಪ್ರಾಯ ಕೊಟ್ಟಿದ್ದಾನೆ. ಆದರೆ ಈ ‘ಕೃತಿ’ಯ ಹಣೆಯಲ್ಲಿ ಬರೆದದ್ದೇನು? ದಿನದ ಪಾಲಿಗೆ ತಕ್ಕಂತೆ ಅದನ್ನು ಕತ್ತರಿಸುತ್ತಿದ್ದರು. ಸೂಜಿ, ಕಡ್ಡಿ, ಮಸಿ, ಹಸಿ ಸುಣ್ಣ, ಇವುಗಳ ಕೈಗೆ ಸಿಕ್ಕಿ ಅದು ಜರ್ಜರಿತವಾಗುತ್ತಿತ್ತು. ಕೆಲಸ ಮುಗಿದ ಮೇಲೆ ಬಾಳೆಲೆಯಂತೆ ಎತ್ತಿ ಎಸೆಯುವುದೇ. ಆಲೋಚನೆ ಎಲ್ಲಿ ಅತ್ಯಂತ ನಿರ್ಮಲವಾಗಿ ಮೂಡಿತ್ತೋ ಆ ವಸ್ತುವೇ ಅತ್ಯಂತ ಅಲ್ಪಾಯು. ಇದನ್ನು ಉಳಿಸಬೇಕೆ, ಕಳೆಯಬೇಕೆ ಎಂಬ ಪ್ರಶ್ನೆಯನ್ನು ಆ ಕಾಲದ ಮೂವರು ದೊಡ್ಡ ಕಲಾವಿದರು ಬೇರೆ ಬೇರೆ ಬಗೆಯಲ್ಲಿ ಎದುರಿಸಿದರು.

ಮೊದಲು ಫ್ಲಾರೆನ್ಸಿಗೆ ಹೋಗೋಣ. ಮೆದಿಚಿ ಮನೆತನವನ್ನು ಹೊರದೂಡಿ ಗಣರಾಜ್ಯವಾಗಿದ್ದ ಆ ನಗರ ತನ್ನ ಮಹಾಸಭೆಯ ಭವನವನ್ನು ತನ್ನ ಗೆಲುವುಗಳ ಚಿತ್ರಗಳಿಂದ ಅಲಂಕರಿಸಬೇಕೆಂದು ಬಯಸಿತು. 1440ರಲ್ಲಿ ಮಿಲಾನಿನವರನ್ನು ಸೋಲಿಸಿದ ಆಂಗಿಯಾರಿ ಯುದ್ಧವನ್ನು ಬರೆಯುವ ಕೆಲಸ 1503ರಲ್ಲಿ ಲಿಯೊನಾರ್ಡೊ ದ ವಿಂಚಿಗೆ ಬಂದಿತು. ಮರುವರ್ಷ, 1364ರಲ್ಲಿ ಪೀಸಾದವರನ್ನು ಸೋಲಿಸಿದ ಕಾಶಿನಾ ಯುದ್ಧವನ್ನು ಬರೆಯುವ ಕೆಲಸ ಮೈಕೆಲೇಂಜೆಲೊಗೆ. ಒಬ್ಬ ಐವತ್ತರ ಆಸುಪಾಸಿನವನು, ಇನ್ನೊಬ್ಬ ಇನ್ನೂ ಮೂವತ್ತು ದಾಟದವನು. ಇಬ್ಬರಿಗೂ ಪರಸ್ಪರ ಒಲವಿಲ್ಲ. ಲಿಯೊನಾರ್ಡೊ ಸಾಂತಾ ಮರಿಯಾ ನೊವೆಲ್ಲಾ ಮಠದ ಹಜಾರದಲ್ಲಿ, ಮೈಕೆಲೇಂಜೆಲೊ ಬಣ್ಣಗಾರರ ಆಸ್ಪತ್ರೆಯ ಒಂದು ಕೊಠಡಿಯಲ್ಲಿ, ಹಾಳೆಗಳನ್ನು ಅಂಟಿಸಿಕೊಂಡು ಬರೆಯತೊಡಗಿದರು. ಕಾಗದ ಕೊಂಡದ್ದರ, ಅಂಟಿಸಿದವರಿಗೆ ಕೊಟ್ಟದ್ದರ ಲೆಕ್ಕ ನಗರದ ದಫ್ತರಗಳಲ್ಲಿ ಉಳಿದಿದೆ. ಲಿಯೊನಾರ್ಡೊ ಬರೆದದ್ದು ಒಂದು ಧ್ವಜಕ್ಕಾಗಿ ಕುದುರೆಗಳೂ ಸವಾರರೂ ಒಂದೇ ಉಂಡೆಯಾಗಿ ಸುತ್ತಿಕೊಂಡ ಹೋರಾಟ. ಮೈಕೆಲೇಂಜೆಲೊ ಆರಿಸಿಕೊಂಡದ್ದು ಯುದ್ಧಕ್ಕಿಂತ ಮುಂಚಿನ ಗಳಿಗೆ: ಆರ್ನೊ ಹೊಳೆಯಲ್ಲಿ ಮೀಯುತ್ತಿದ್ದ ಸೈನಿಕರು ಎಚ್ಚರಿಕೆಯ ಕೂಗು ಕೇಳಿ ದಡ ಹತ್ತುತ್ತಿದ್ದಾರೆ, ಒದ್ದೆ ಕಾಲಿಗೆ ಹತ್ತದ ಬಟ್ಟೆಯನ್ನು ಎಳೆದುಕೊಳ್ಳುತ್ತಿದ್ದಾರೆ.

ಎರಡೂ ಗೋಡೆಯ ಮೇಲೆ ಪೂರ್ಣಗೊಳ್ಳಲಿಲ್ಲ. ಲಿಯೊನಾರ್ಡೊ ಗೋಡೆಯ ಕೆಲಸವನ್ನು ಆರಂಭಿಸಿದ ದಿನದ ಬಗ್ಗೆ ತಾನೇ ಒಂದು ಟಿಪ್ಪಣಿ ಬರೆದುಕೊಂಡಿದ್ದಾನೆ. ಮ್ಯಾಡ್ರಿಡ್ಡಿನ ಗ್ರಂಥಾಲಯದಲ್ಲಿ 1960ರ ದಶಕದಲ್ಲಿ ಮತ್ತೆ ಸಿಕ್ಕಿದ ಅವನ ಹಸ್ತಪ್ರತಿಯಲ್ಲಿ ಅದು ಇದೆ. 1505ರ ಜೂನ್ 6, ಶುಕ್ರವಾರ. ಕುಂಚವೂರುವ ಹೊತ್ತಿಗೆ ಹವೆ ಕೆಟ್ಟಿತು, ನ್ಯಾಯಸಭೆಗೆ ಕರೆಯುವ ಗಂಟೆ ಬಾರಿಸತೊಡಗಿತು, ಕಾರ್ಟೂನು ಹರಿಯಿತು, ನೀರಿನ ಪಾತ್ರೆ ಒಡೆದು ನೀರು ಚೆಲ್ಲಿತು, ಸಂಜೆಯವರೆಗೂ ಮಳೆ ಸುರಿಯಿತು. ಲಿಯೊನಾರ್ಡೊ ಹಸಿಗಾರೆಯ ಅವಸರವನ್ನು ಸಹಿಸುವವನಲ್ಲ. ಬೇರೆ ವಿಧಾನವನ್ನು ಪ್ರಯೋಗಿಸಹೋಗಿ ಕೆಲಸ ಕೈಗೂಡದೆ 1506ರಲ್ಲಿ ಮಿಲಾನಿಗೆ ಹೊರಟುಹೋದ. ಮೈಕೆಲೇಂಜೆಲೊಗೆ ಅದಕ್ಕೂ ಮುಂಚೆಯೇ ರೋಮಿನಿಂದ ಪೋಪನ ಕರೆ ಬಂದಿತ್ತು. ಅವನು ಆ ಗೋಡೆಯನ್ನು ಮುಟ್ಟಲೇ ಇಲ್ಲ.

ಉಳಿದದ್ದು ಎರಡು ಕಾಗದಗಳು. ಆದರೆ ಆ ಎರಡು ಕಾಗದಗಳು ಮಾಡಿದ ಕೆಲಸವನ್ನು ಎಷ್ಟೋ ಗೋಡೆಗಳು ಮಾಡಲಿಲ್ಲ. ಅವು ಇರುವಷ್ಟು ಕಾಲ ಲೋಕಕ್ಕೆಲ್ಲ ಪಾಠಶಾಲೆಯಂತಿದ್ದವೆಂದು ಶಿಲ್ಪಿ ಚೆಲ್ಲಿನಿ ತನ್ನ ಆತ್ಮಕಥೆಯಲ್ಲಿ ನೆನೆಯುತ್ತಾನೆ. ಮೈಕೆಲೇಂಜೆಲೊನ ಕಾರ್ಟೂನಿನ ಮುಂದೆ ಕುಳಿತು ಬರೆದು ಕಲಿತವರ ಪಟ್ಟಿಯನ್ನು ವಸಾರಿ ಕೊಡುತ್ತಾನೆ. ಅದರಲ್ಲಿ ರಾಫೆಲ್ ಇದ್ದಾನೆ, ಆಂದ್ರೆಯಾ ದೆಲ್ ಸಾರ್ತೊ ಇದ್ದಾನೆ, ಪೊಂತೊರ್ಮೊ, ರೊಸ್ಸೊ ಇದ್ದಾರೆ. ಮುಂದಿನ ಅರ್ಧ ಶತಮಾನದ ಇಟಲಿಯ ಚಿತ್ರಕಲೆಯ ಬಹುಭಾಗ ಆ ಹೆಸರುಗಳಲ್ಲಿ ಅಡಗಿದೆ. ಕಲಿಯುವವರ ಈ ದಾಹವೇ ಕೊನೆಗೆ ಆ ಕಾಗದವನ್ನು ತಿಂದಿತು. ಮೆದಿಚಿ ಅರಮನೆಗೆ ಸಾಗಿಸಿದ ಮೇಲೆ ನೋಡಿಕೊಳ್ಳುವವರಿಲ್ಲದೆ ಅದು ಕಲಾವಿದರ ಕೈಗೆ ಬಿದ್ದು ಚೂರುಚೂರಾಯಿತೆಂದು ವಸಾರಿ ಒಂದು ಕಡೆ ಹೇಳುತ್ತಾನೆ. ಇನ್ನೊಂದು ಕಡೆ, ಶಿಲ್ಪಿ ಬಂದಿನೆಲ್ಲಿಯೇ ಹೊಟ್ಟೆಕಿಚ್ಚಿನಿಂದ ಗುಟ್ಟಾಗಿ ಹರಿದುಹಾಕಿದನೆಂದು ಅವನೇ ಆರೋಪಿಸುತ್ತಾನೆ. ಯಾವುದು ನಿಜವಾದರೂ ಫಲ ಒಂದೇ. ಕೆಲವು ಚೂರುಗಳು ಮಾಂತುವಾ ನಗರದ ಒಂದು ಮನೆಯಲ್ಲಿದ್ದವಂತೆ. ಈಗ ಒಂದೂ ಇಲ್ಲ. ನಡುವಿನ ಭಾಗ ಹೇಗಿತ್ತೆಂಬುದನ್ನು ಇಂಗ್ಲೆಂಡಿನ ಹೋಕಮ್ ಹಾಲಿನಲ್ಲಿರುವ, ಅರಿಸ್ತೋತಿಲೆ ದ ಸಂಗಾಲ್ಲೊ ಮಾಡಿದ ಬೂದುಬಣ್ಣದ ಪ್ರತಿಯಿಂದ ಊಹಿಸಿಕೊಳ್ಳಬೇಕು. ಲಿಯೊನಾರ್ಡೊನ ಕಾರ್ಟೂನೂ ಇಲ್ಲ. ಅದರ ಧ್ವಜದ ಹೋರಾಟದ ವೇಗವನ್ನು ಪ್ಯಾರಿಸ್ಸಿನ ಲೂವ್ರ್ ಸಂಗ್ರಹದಲ್ಲಿರುವ, ರೂಬೆನ್ಸನ ಕೈ ಆಡಿದ ಒಂದು ಪ್ರತಿಯಲ್ಲಿ ಕಾಣುತ್ತೇವೆ.

ಬರೆದವನೇ ತನ್ನ ಕಾಗದವನ್ನು ನಾಶಮಾಡಿದ್ದೂ ಉಂಟು. ಮೈಕೆಲೇಂಜೆಲೊ 1518ರಲ್ಲಿ ತನ್ನ ರೋಮಿನ ಮನೆಯಲ್ಲಿದ್ದ ಕಾರ್ಟೂನುಗಳನ್ನು ಸುಡುವಂತೆ ಹೇಳಿಕಳುಹಿಸಿದ. ಸುಟ್ಟೆನೆಂದು ಸ್ನೇಹಿತ ಬರೆದ ಓಲೆ ಉಳಿದಿದೆ. 1564ರ ಫೆಬ್ರವರಿಯಲ್ಲಿ ತೀರಿಕೊಳ್ಳುವುದಕ್ಕೆ ಸ್ವಲ್ಪ ಮುಂಚೆ ಇನ್ನಷ್ಟನ್ನು ತಾನೇ ಬೆಂಕಿಗೆ ಹಾಕಿದನೆಂದು ವಸಾರಿಯ ಹೇಳಿಕೆ. ತಾನು ಪಟ್ಟ ಪಾಡು, ತನ್ನ ಪ್ರತಿಭೆ ತಡಕಾಡಿದ ಬಗೆ ಯಾರಿಗೂ ಕಾಣಬಾರದು, ಪರಿಪೂರ್ಣತೆಯೊಂದೇ ಕಾಣಬೇಕು ಎಂಬುದು ಅವನ ಉದ್ದೇಶವಾಗಿತ್ತೆಂದು ವಸಾರಿ ತರ್ಕಿಸುತ್ತಾನೆ. ಈ ಹಟವನ್ನು ನಾನು ಹಗುರವಾಗಿ ಕಾಣಲಾರೆ. ಊಟಕ್ಕೆ ಕುಳಿತವನಿಗೆ ಅಡಿಗೆಮನೆಯ ಹೊಗೆ ತೋರಿಸಬೇಕಾಗಿಲ್ಲವೆಂಬುದು ಒಂದು ಮರ್ಯಾದೆಯೇ ಸರಿ. ಆದರೆ ಅವನ ಕೈಯಿಂದ ತಪ್ಪಿಸಿಕೊಂಡ ಒಂದು ತುಂಡು ನೇಪಲ್ಸಿನ ಕಾಪೊದಿಮೊಂತೆ ಸಂಗ್ರಹಾಲಯದಲ್ಲಿದೆ. ವ್ಯಾಟಿಕನ್ನಿನ ಪೌಲಿನ್ ಪ್ರಾರ್ಥನಾಮಂದಿರದಲ್ಲಿ ಅವನು ಎಪ್ಪತ್ತರ ವಯಸ್ಸಿನಲ್ಲಿ ಬರೆದ ಕೊನೆಯ ಭಿತ್ತಿಚಿತ್ರ, ಸಂತ ಪೀಟರನನ್ನು ಶಿಲುಬೆಗೇರಿಸುವ ದೃಶ್ಯ. ಅದರ ಮೂಲೆಯಲ್ಲಿ ಮೇಲೇರುತ್ತಿರುವ ಸೈನಿಕರ ಬೆನ್ನುಗಳು ಈ ತುಂಡಿನಲ್ಲಿವೆ, ಸೂಜಿಯ ತೂತುಗಳ ಸಮೇತ. ಮುಖವಿಲ್ಲದ ಆ ಬೆನ್ನುಗಳಿಗೂ ಆ ಮುದುಕ ಎಷ್ಟು ಶ್ರಮ ಸುರಿದಿದ್ದಾನೆಂಬುದನ್ನು ಅದರಲ್ಲಿ ಕಾಣುವಷ್ಟು ಗೋಡೆಯ ಚಿತ್ರದಲ್ಲಿ ಕಾಣಲಾರೆವು. ಅವನು ಮುಚ್ಚಿಡಬೇಕೆಂದದ್ದೇ ನಮ್ಮ ಗೌರವವನ್ನು ಹೆಚ್ಚಿಸುತ್ತದೆ.

ಮೂರನೆಯವನು ರಾಫೆಲ್. ಪೋಪ್ ಎರಡನೆಯ ಜೂಲಿಯಸ್‌ನ ಕೋಣೆಯಲ್ಲಿ, 1509ರಿಂದ 1511ರವರೆಗಿನ ಅವಧಿಯಲ್ಲಿ, ಅವನು ಬರೆದ ‘ಅಥೆನ್ಸಿನ ವಿದ್ಯಾಪೀಠ’ವನ್ನು ಅಚ್ಚಿನ ಪಟಗಳಲ್ಲಾದರೂ ನೋಡದವರು ವಿರಳ. ಕಮಾನುಗಳ ಕೆಳಗೆ ಪ್ಲೇಟೊ ಆಕಾಶವನ್ನೂ ಅರಿಸ್ಟಾಟಲ್ ಭೂಮಿಯನ್ನೂ ತೋರುತ್ತ ನಡೆದುಬರುತ್ತಾರೆ. ಸುತ್ತಲೂ ಪ್ರಾಚೀನ ಗ್ರೀಸಿನ ಜ್ಞಾನಿಗಳ ಸಭೆ. ಈ ಚಿತ್ರದ ಕಾರ್ಟೂನು ಇಂದಿಗೂ ಮಿಲಾನಿನ ಅಂಬ್ರೋಸಿಯಾನ ಸಂಸ್ಥೆಯಲ್ಲಿದೆ. ಉದ್ದ 8 ಮೀಟರಿಗೆ ತುಸು ಹೆಚ್ಚು, ಎತ್ತರ 3 ಮೀಟರಿಗೆ ತುಸು ಕಡಿಮೆ. 200ಕ್ಕೂ ಹೆಚ್ಚು ಹಾಳೆಗಳನ್ನು ಕೂಡಿಸಿ ಮಾಡಿದ್ದು. ಇದ್ದಿಲಿನ ಕಪ್ಪು, ಸಫೇದದ ಬಿಳುಪು, ಕಾಲ ಕಂದಿಸಿದ ಕಾಗದದ ಕಂದು, ಇಷ್ಟೇ ಅದರ ವರ್ಣ. ಕಾರ್ಡಿನಲ್ ಫೆದೆರಿಕೊ ಬೊರೊಮೆಯೊ ಸ್ಥಾಪಿಸಿದ ಆ ಸಂಸ್ಥೆಗೆ ಇದು 1610ರಲ್ಲಿ ಎರವಲಾಗಿ ಬಂದು, 1626ರಲ್ಲಿ 600 ಇಂಪೀರಿಯಲ್ ಲೀರಾಗಳ ಬೆಲೆಗೆ ಸ್ವಂತದ್ದಾಯಿತು. 1796ರಲ್ಲಿ ನೆಪೋಲಿಯನ್ನನ ಸೇನೆ ಪ್ಯಾರಿಸ್ಸಿಗೆ ಹೊತ್ತೊಯ್ದಿತು. ಅವನು ವಾಟರ್ಲೂವಿನಲ್ಲಿ ಸೋತ ಮೇಲೆ ಮರಳಿ ಬಂದಿತು. ಕೆಲವು ವರ್ಷಗಳ ಎಚ್ಚರದ ಜೀರ್ಣೋದ್ಧಾರದ ಅನಂತರ 2019ರಲ್ಲಿ ಮತ್ತೆ ಜನರ ಮುಂದೆ ನಿಂತಿತು.

ಗೋಡೆಗೆ ಹೋಗಬೇಕಾದ ಕಾಗದ ಇಷ್ಟು ಗಟ್ಟಿಯಾಗಿ ಉಳಿದದ್ದು ಹೇಗೆ? ಅದರ ಗೆರೆಗಳ ಮೇಲೆ ಸೂಜಿಯ ತೂತುಗಳಿವೆ; ಆದರೆ ಅದು ಹಸಿಗಾರೆಯ ತೇವವನ್ನು ಉಂಡಂತಿಲ್ಲ, ದಿನದ ಪಾಲುಗಳಾಗಿ ತುಂಡಾಗಿಲ್ಲ. ವಿದ್ವಾಂಸರು ಇದಕ್ಕೆ ಕೊಡುವ ವಿವರಣೆ ಸರಳವಾದದ್ದು. ಚುಚ್ಚುವಾಗ ಇದರ ಅಡಿಯಲ್ಲಿ ಬೇರೆ ಬರಿಯ ಹಾಳೆಗಳನ್ನು ಇಟ್ಟಿದ್ದರು. ಒಂದೇ ಸೂಜಿ ಎರಡನ್ನೂ ತೂರಿತು. ತೂತುಗಳು ಮಾತ್ರ ಇದ್ದ, ಚಿತ್ರವಿಲ್ಲದ, ಆ ಬದಲಿ ಹಾಳೆಗಳು ಗೋಡೆಯ ಪಾಲಾದವು. ಮೂಲ ಸುರಕ್ಷಿತವಾಗಿ ಉಳಿಯಿತು. ಉಪಕರಣವೆಂದು ಹುಟ್ಟಿದ ಕಾಗದ ಇಲ್ಲಿ ತಾನೇ ಒಂದು ಕೃತಿಯೆಂಬ ಮಾನ್ಯತೆ ಪಡೆದಿದೆ.

ಈ ಕಾರ್ಟೂನನ್ನು ರೋಮಿನ ಗೋಡೆಯೊಡನೆ ಹೋಲಿಸಿದವರಿಗೆ ಎರಡು ಕೊರತೆಗಳು ಕಾಣುತ್ತವೆ. ಒಂದು, ಹಿನ್ನೆಲೆಯ ಭವ್ಯ ಕಮಾನುಗಳು ಇಲ್ಲಿಲ್ಲ. ಇರುವುದು ಮನುಷ್ಯರು ಮಾತ್ರ. ಇನ್ನೊಂದು ಹೆಚ್ಚು ಕುತೂಹಲದ್ದು. ಗೋಡೆಯ ಚಿತ್ರದ ಮುಂಭಾಗದಲ್ಲಿ, ಮೆಟ್ಟಿಲ ಬುಡದಲ್ಲಿ, ಕಲ್ಲಿನ ದಿಮ್ಮಿಯ ಮೇಲೆ ಮೊಣಕೈಯೂರಿ, ತಲೆಗೆ ಕೈ ಕೊಟ್ಟು, ತನ್ನಲ್ಲೇ ಮುಳುಗಿ ಕುಳಿತ ಒಬ್ಬ ಗಡ್ಡದವನಿದ್ದಾನೆ. ಹೆರಾಕ್ಲೈಟಸ್ ಎಂದು ಅವನನ್ನು ಗುರುತಿಸುವುದು ವಾಡಿಕೆ. ಮಿಲಾನಿನ ಕಾಗದದಲ್ಲಿ ಅವನಿಲ್ಲ. ಅಲ್ಲಿ ಆ ಸ್ಥಳ ಖಾಲಿ. ಇಡೀ ಚಿತ್ರ ಮುಗಿದ ಮೇಲೆ, ಆ ಭಾಗದ ಗಾರೆಯನ್ನು ತೆಗೆಸಿ, ಹೊಸ ಗಾರೆ ಹಚ್ಚಿಸಿ, ರಾಫೆಲ್ ಅವನನ್ನು ಅಲ್ಲಿ ಕೂರಿಸಿದ. 1511ರ ಆಗಸ್ಟ್ ತಿಂಗಳಲ್ಲಿ ಸಿಸ್ಟೈನ್ ಮಾಳಿಗೆಯ ಮೊದಲ ಭಾಗದ ತೆರೆ ಸರಿದಿತ್ತು. ಅಲ್ಲಿನ ಪ್ರವಾದಿಗಳ ಮೈಕಟ್ಟು, ಅವರ ಭಾರ, ಅವರ ಏಕಾಂತ ಈ ಹೊಸ ಆಕೃತಿಯಲ್ಲಿ ಎದ್ದು ಕಾಣುತ್ತವೆ. ಅದರ ಮುಖ ಮೈಕೆಲೇಂಜೆಲೊನದೇ ಎಂದು ಅನೇಕರ ಊಹೆ. ಊಹೆ ಏನೇ ಇರಲಿ, ತನಗಿಂತ ಹಿರಿಯನೂ ತನ್ನನ್ನು ಸಹಿಸದವನೂ ಆದ ಒಬ್ಬನಿಂದ ಕಲಿತದ್ದನ್ನು, ಮುಗಿದ ತನ್ನ ಗೋಡೆಯನ್ನು ಒಡೆದು ಆ ತರುಣ ಸೇರಿಸಿದನೆಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. 200 ಹಾಳೆಗಳ ಸಿದ್ಧತೆ ಅವನನ್ನು ಕಟ್ಟಿಹಾಕಲಿಲ್ಲ. ಅಷ್ಟು ಸಿದ್ಧನಾಗಿದ್ದವನಿಗೇ ಎಲ್ಲಿ ಏನು ಸೇರಿದರೆ ಚಿತ್ರ ಇನ್ನೂ ತುಂಬುತ್ತದೆಂಬುದು ಕಂಡಿತು.

ಈ ಸಂಗತಿ ನಮಗೆ ತಿಳಿದದ್ದು ಕಾಗದ ಉಳಿದುದರಿಂದ ಎಂಬುದನ್ನು ಮರೆಯಬಾರದು. ಅದು ಇಲ್ಲದಿದ್ದರೆ, ಆ ಚಿಂತಾಮಗ್ನ ಮೊದಲಿನಿಂದಲೂ ಅಲ್ಲಿಯೇ ಕುಳಿತಿದ್ದನೆಂದು ನಾವು ನಂಬಿಬಿಡುತ್ತಿದ್ದೆವೇನೋ. ಪಟದ ಸಾಮರಸ್ಯ ಅಷ್ಟು ನಿರಾಯಾಸವಾಗಿದೆ. ಸಾಹಿತ್ಯವನ್ನು ಪ್ರೀತಿಸುವ ನಮಗೆ ಇದು ತೀರ ಹೊರಗಿನ ವಿಷಯವಲ್ಲ. ಪಂಪನ ಕೈಬರಹದ ಓಲೆ ನಮಗೆ ದೊರೆತಿಲ್ಲ. ನಾವು ಓದುವುದು ಲಿಪಿಕಾರರು ಪ್ರತಿಯಿಂದ ಪ್ರತಿಗೆ ದಾಟಿಸಿ ಉಳಿಸಿಕೊಟ್ಟದ್ದನ್ನು. ಅವನು ಯಾವ ಪದ್ಯವನ್ನು ಹೊಡೆದುಹಾಕಿದ, ಯಾವ ಪಾತ್ರ ಕೊನೆಗೆ ಬಂದು ಸೇರಿತು ಎಂಬುದನ್ನು ಯಾವ ಸಂಶೋಧಕನೂ ಹೇಳಲಾರ. ಕಾವ್ಯ ದೇವಾಲಯದಂತೆ ಇಡಿಯಾಗಿ ನಮ್ಮ ಮುಂದೆ ನಿಂತಿದೆ. ಕಟ್ಟಿದವನ ಬೆವರು ಆರಿಹೋಗಿದೆ. ಅದರಿಂದ ಕಾವ್ಯಕ್ಕೆ ಕುಂದೇನೂ ಇಲ್ಲ ನಿಜ. ಆದರೆ ಹೊಸದಾಗಿ ಬರೆಯಹೊರಟವನಿಗೆ ನಷ್ಟವಿದೆ. ಮುಗಿದ ಕೃತಿ ಅವನನ್ನು ಬೆರಗುಗೊಳಿಸಿ ದೂರ ನಿಲ್ಲಿಸುತ್ತದೆ. ಕರಡು ಅವನನ್ನು ಹತ್ತಿರ ಕರೆದು ಕೂರಿಸಿಕೊಳ್ಳುತ್ತದೆ. ಫ್ಲಾರೆನ್ಸಿನ ಹುಡುಗರು ಆ ಎರಡು ಕಾಗದಗಳ ಮುಂದೆ ಕಿಕ್ಕಿರಿದದ್ದು ಇದಕ್ಕಾಗಿಯೇ ಇರಬೇಕು. ಮುಗಿದ ಗೋಡೆಗಳು ಆ ಊರಿನಲ್ಲಿ ಬೇಕಾದಷ್ಟು ಇದ್ದವು.

ಹಾಗಾದರೆ ಸುಟ್ಟವನು ಸರಿಯೋ, ಉಳಿಸಿದವನು ಸರಿಯೋ? ತನ್ನ ಕರಡನ್ನು ಸುಡುವ ಹಕ್ಕು ಬರೆದವನಿಗೆ ಇಲ್ಲವೆಂದು ನಾನು ಹೇಳಲಾರೆ. ಅದನ್ನು ಉಳಿಸಿದವನು ನಮಗೆ ಕೊಟ್ಟ ದಾನ ದೊಡ್ಡದೆಂದು ಮಾತ್ರ ಹೇಳಬಲ್ಲೆ. ಇವರಿಬ್ಬರ ನಡುವೆ ಇನ್ನೊಂದು ಕಾಗದವನ್ನೂ ನಾನು ನೆನೆಯುತ್ತೇನೆ. ರಾಫೆಲನ ಕಾರ್ಟೂನಿನ ಅಡಿಯಲ್ಲಿ ಹಾಸಿಕೊಂಡು ಅದರ ಪಾಲಿನ ಸೂಜಿಯನ್ನು ತಾನೂ ಚುಚ್ಚಿಸಿಕೊಂಡ ಆ ಬದಲಿ ಹಾಳೆಗಳನ್ನು ಯಾರೂ ಉಳಿಸಲಿಲ್ಲ, ಯಾರೂ ಬೆಲೆ ಕೊಟ್ಟು ಕೊಳ್ಳಲಿಲ್ಲ, ಯಾವ ಸೇನೆಯೂ ಹೊತ್ತೊಯ್ಯಲಿಲ್ಲ. ಪ್ಲೇಟೊವಿನ ಬೆರಳನ್ನೂ ಅರಿಸ್ಟಾಟಲಿನ ಅಂಗೈಯನ್ನೂ ಮಸಿಯ ಚುಕ್ಕೆಗಳಲ್ಲಿ ಹಸಿಗೋಡೆಗೆ ಮುಟ್ಟಿಸಿದ್ದು ಅವು. ಅಂದಿನ ಗಾರೆ ಆರುವುದರೊಳಗೆ ಅವುಗಳ ಕೆಲಸ ಮುಗಿದಿತ್ತು.